ಕಾವಲಿನ ಕುಲ

ದಸರೆಯಂದು ಕೊಲ್ಲಾಪುರದ ದಸರಾ ಚೌಕಕ್ಕೆ ರಾಜಮನೆತನದ ಮೇಬ್ಯಾಕ್ ಕಾರು ಬಂದಾಗ ಜನ ಅದರ ಹಳೆತನಕ್ಕೇ ಕೈಮುಗಿಯುತ್ತಾರೆ. ಈ ಗೌರವದ ಬೆನ್ನಿಗೇ ಒಂದು ಪ್ರಶ್ನೆ ಇದೆ: ಹಳೆಯ ಸ್ಪೋರ್ಟ್ಸ್ ಕಾರಿನ ಬಂಪರ್ ಗಾರ್ಡ್ ಮುರಿದರೆ ಕಾರ್ಖಾನೆಯದನ್ನೇ ಹುಡುಕಬೇಕೆ, ಪೇಟೆಯದು ಸಾಕೆ?

‘ಮೂಲ’ವೆಂಬುದು ನಾವೆಣಿಸಿದಷ್ಟು ಶುದ್ಧವಲ್ಲ. ಅಮೆರಿಕಕ್ಕೆ ಹೋದ 1974ರ ಮಾದರಿಯ ಎಂ.ಜಿ.ಬಿ. ಕಾರುಗಳಿಗೆ ಕಾರ್ಖಾನೆಯೇ ದಪ್ಪ ರಬ್ಬರ್ ಗಾರ್ಡ್ ತೊಡಿಸಿದ್ದು ಅಂದಕ್ಕಲ್ಲ, ಅಲ್ಲಿನ ಕಾನೂನಿಗೆ ಮಣಿದು. ಅಲ್ಲದೆ ಗಾರ್ಡಿನ ಧರ್ಮವೇ ತಾನು ಪೆಟ್ಟು ತಿಂದು ಒಡಲನ್ನು ಉಳಿಸುವುದು. ಸವೆಯಲೆಂದೇ ಹುಟ್ಟಿದ್ದರ ಕುಲ ಕೇಳುವುದೇಕೆ?

ಹಾಗೆಂದು ಎಲ್ಲವೂ ಒಂದೇ ಅಲ್ಲ. 2021ರ ಕೇಂದ್ರ ನಿಯಮ ಐವತ್ತು ವರ್ಷ ದಾಟಿದ ವಿಂಟೇಜ್ ವಾಹನದ ಚಾಸಿ, ಒಡಲು, ಎಂಜಿನ್ ಮೂಲರೂಪದಲ್ಲಿರಬೇಕೆನ್ನುತ್ತದೆ. ಉಳಿದದ್ದು ಮನಸ್ಸಾಕ್ಷಿಗೆ ಬಿಟ್ಟದ್ದು. ಎರಕಕ್ಕೆ ಹೆಸರಾದ ಕೊಲ್ಲಾಪುರದಲ್ಲೋ ಇಚಲಕರಂಜಿಯಲ್ಲೋ ಕುಶಲಿಯೊಬ್ಬ ಗಾರ್ಡ್ ಮಾಡಿಕೊಟ್ಟರೆ ಅದು ಕಸುಬು. ಅದಕ್ಕೆ ಕಾರ್ಖಾನೆಯ ಮುದ್ರೆ ಒತ್ತಿ ಮಾರಿದರೆ ಮೋಸ. ಲೋಹ ಅದೇ, ಮಾತು ಮಾತ್ರ ಸುಳ್ಳು.

ಗಡಹಿಂಗ್ಲಜದ ಕನ್ನಡದಲ್ಲಿ ಮರಾಠಿ ಬೆರೆತಿದೆ. ಅದರಿಂದ ಅದು ಖೋಟಾ ಆಗಲಿಲ್ಲ, ಏಕೆಂದರೆ ಅದು ಬೆರಕೆಯನ್ನು ಬಚ್ಚಿಡುವುದಿಲ್ಲ. ಗಡಿಯ ಜನಕ್ಕೆ ಇದನ್ನು ಹೇಳಿಕೊಡಬೇಕಿಲ್ಲ. ಹೊಸ ಗಾರ್ಡ್ ಹಾಕಿಸಿ, ಮುರಿದ ಹಳೆಯ ತುಂಡನ್ನೂ ಕಟ್ಟಿಟ್ಟು, ಕಾರು ಕೊಳ್ಳುವವನಿಗೆ ಎರಡನ್ನೂ ತೋರಿಸುವವನೇ ಅದರ ನಿಜವಾದ ಕಾವಲುಗಾರ.