ಗಾಜಿನ ತಟ್ಟೆ ಮತ್ತು ಬೀಜದ ಅಹಂಕಾರ

ಹೆಣ್ಣು ಹೊಲ, ಗಂಡು ಬೀಜ, ಹೊಲಕ್ಕಿಂತ ಬೀಜವೇ ಮೇಲು ಅನ್ನುತ್ತದೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ. ಕುಲದ ಕೋಟೆಗೆ ಇದೂ ಒಂದು ಕಲ್ಲು. ಹೊಲದಲ್ಲಿ ದುಡಿದವರನ್ನು ಯಾರೂ ಕೇಳಲಿಲ್ಲ. ಒಂದೇ ಚೀಲದ ರಾಗಿ ಕೆಮ್ಮಣ್ಣಿನಲ್ಲಿ ಒಂದು ಥರ, ಕಲ್ಲುದಿಣ್ಣೆಯಲ್ಲಿ ಇನ್ನೊಂದು ಥರ ಬರುತ್ತೆ ಅನ್ನೋದನ್ನ ನಮ್ಮವ್ವನಿಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿರಲಿಲ್ಲ.

ಈಗ ಪ್ರಯೋಗಾಲಯದ ಸಾಕ್ಷಿ ಕೇಳಿ. 1956ರಲ್ಲಿ ಆಸ್ಟ್ರೇಲಿಯಾದ ವಿಟನ್ ಎಂಬ ವಿಜ್ಞಾನಿ ಇಲಿಯ ಎಂಟು ಕೋಶದ ಭ್ರೂಣವನ್ನು ಲವಣ, ಗ್ಲೂಕೋಸ್, ದನದ ರಕ್ತದ ಆಲ್ಬುಮಿನ್ ಬೆರೆಸಿದ ದ್ರವದಲ್ಲಿ ಬೆಳೆಸಿದ. ಎರಡು ಕೋಶದ ಎಳೆ ಭ್ರೂಣಕ್ಕೆ ಆ ಊಟ ಒಗ್ಗಲಿಲ್ಲ. ಮರುವರ್ಷ ಲ್ಯಾಕ್ಟೇಟ್ ಸೇರಿಸಿದ, ಅದೂ ಬೆಳೆಯಿತು. ಬೀಜ ಕೆಟ್ಟಿರಲಿಲ್ಲ, ಉಣಿಸು ತಪ್ಪಿತ್ತು.

ಮನುಷ್ಯಭ್ರೂಣ ಐದಾರು ದಿನ ತಟ್ಟೆಯಲ್ಲಿರುತ್ತದೆ. ಅದರ ದ್ರವಕ್ಕೆ ಸಾಮಾನ್ಯವಾಗಿ ಹಾಕುವುದು ಮನುಷ್ಯರಕ್ತದ ಆಲ್ಬುಮಿನ್. ಎಷ್ಟೋ ಜನರ ರಕ್ತ ಒಟ್ಟುಮಾಡಿ ತೆಗೆದದ್ದು. ಯಾವ ಕೇರಿಯ ರಕ್ತ ಅಂತ ಭ್ರೂಣ ಕೇಳುವುದಿಲ್ಲ. ಕುಲ ಉಳಿಸಲು ಬಂದ ದಂಪತಿಗಳೂ ಕೇಳುವುದಿಲ್ಲ. ಆ ಕೂಸು ದೊಡ್ಡದಾದ ಮೇಲೆ ನಮ್ಮ ಲೋಟದ ನೀರು ಮಾತ್ರ ಮೈಲಿಗೆಯಾಗುತ್ತದಲ್ಲ, ಅದು ಹೇಗೆ?

ಆದರೆ ಗೆಳೆಯರೆ, ಇಲ್ಲಿಗೇ ಚಪ್ಪಾಳೆ ತಟ್ಟಿ ಏಳುವಂತಿಲ್ಲ. 2016ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡಿನ ಪ್ರಯೋಗವೊಂದರಲ್ಲಿ 836 ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ದ್ರವಗಳಿಗೆ ಹಂಚಿದರು. ಒಂದರಲ್ಲಿ ಗರ್ಭ ನಿಂತದ್ದು ಹೆಚ್ಚು. ಹುಟ್ಟಿದ ಕೂಸುಗಳ ತೂಕ ಮಾತ್ರ ಸರಾಸರಿ 158 ಗ್ರಾಂ ಕಡಿಮೆ. ಯಾವುದು ಒಳ್ಳೆಯ ದ್ರವ? ಮಡಿಲು ತುಂಬುವುದೊ, ಕೂಸಿನ ಮೈ ತುಂಬುವುದೊ? ಹುಟ್ಟದ ಕೂಸು ಬಾಯಿಬಿಟ್ಟು ಕೇಳಲಾರದು. ಹಾಗಾಗಿ ಅದರ ಪರವಾಗಿ ನಾವೇ ಕೇಳಬೇಕು. ದ್ರವದೊಳಗೆ ಏನೇನು ಎಷ್ಟೆಷ್ಟಿದೆ ಅನ್ನೋದನ್ನ ಮಾರುವ ಕಂಪನಿಗಳು ಎಷ್ಟೋ ಸಲ ಪೂರ್ತಿ ಹೇಳುವುದಿಲ್ಲ. ಬಾಯಿಲ್ಲದವರಿಗೆ ಏನು ಉಣಿಸುತ್ತೀರಿ ಅಂತ ಹೇಳದಿರುವುದು ವ್ಯಾಪಾರದ ಗುಟ್ಟಲ್ಲ, ಅನ್ಯಾಯ.

ಇನ್ನೊಂದು ಎಚ್ಚರ. ಉಣಿಸೇ ಎಲ್ಲ ಅಂತ ಹೊರಟರೆ, ಹಸಿದು ಬೆಳೆದವರು ಕೀಳು ಅನ್ನುವ ಹೊಸ ಮನು ಹುಟ್ಟಿಕೊಳ್ಳುತ್ತಾನೆ. ನಾವು ಸಮಾನರು ಅನ್ನೋದಕ್ಕೆ ಯಾವ ತಟ್ಟೆಯ ರುಜುವಾತೂ ಬೇಕಿಲ್ಲ. 158 ಗ್ರಾಂ ಕಡಿಮೆ ತೂಗಿದ ಕೂಸು 158 ಗ್ರಾಂ ಕಡಿಮೆ ಮನುಷ್ಯನಲ್ಲ. ತಟ್ಟೆ ಹೇಳುವುದು ಇಷ್ಟೆ: ಬೆಳೆಯದ್ದನ್ನು ಕಂಡಾಗ ಬೀಜವನ್ನು ಬಯ್ಯುವ ಮೊದಲು ಉಣಿಸಿದ ಕೈಯನ್ನು ವಿಚಾರಿಸಿ. ಕೋಶಗಳ ವಿಷಯದಲ್ಲಿ ವಿಜ್ಞಾನಿ ಆ ನ್ಯಾಯ ಪಾಲಿಸಿದ. ಶಾಲೆಯ ಹಿಂದಿನ ಸಾಲಿನಲ್ಲಿ ಕೂತ ಮಕ್ಕಳ ವಿಷಯದಲ್ಲಿ ಪಾಲಿಸುವವರು ಯಾರು?