ಒಂದೇ ಮತ

ಚುನಾವಣೆ ಬಂದಾಗ ಹಳೆಯ ಮೌಲ್ಯಗಳನ್ನು ನೆಚ್ಚಿದ ಹಿರಿಯರು ಕೇಳುವುದುಂಟು: "ಒಬ್ಬನ ನಡತೆ ಒಳ್ಳೆಯದು, ಪಕ್ಷ ಹಿಡಿಸದು. ಇನ್ನೊಬ್ಬನ ಪಕ್ಷ ಹಿಡಿಸುತ್ತದೆ, ನಡತೆ ಸಲ್ಲದು. ಮನೆಯಲ್ಲೇ ಕುಳಿತರೆ ಪಾಪವೇ, ಫಾದರ್?"

2004ರ ವಿಧಾನಸಭಾ ಚುನಾವಣೆ ನೆನಪಿದೆಯೇ? ನಮ್ಮ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರು ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂದು ಆಮೇಲೆ ಸುದ್ದಿಯಾಯಿತು. ಅವನಿಗಾದರೂ ಕೆಲಸವಿತ್ತು, ಜಗಲಿಯಲ್ಲಿ ಕುಳಿತಿದ್ದವರಿಗೆ ಏನಿತ್ತು? (2008ರ ಪುನರ್ವಿಂಗಡಣೆಯ ನಂತರ ಆ ಕ್ಷೇತ್ರವೇ ಇಲ್ಲ.)

ಮತದಾನ ನೈತಿಕ ಕರ್ತವ್ಯವೆನ್ನುತ್ತದೆ ಧರ್ಮಸಭೆಯ ಧರ್ಮೋಪದೇಶ. ಆದರೆ ಮತವು ಅಭ್ಯರ್ಥಿಯ ಎಲ್ಲ ಮಾತಿಗೂ ನಾವು ಒತ್ತುವ ಮುದ್ರೆಯಲ್ಲ. ಅವನ ತಪ್ಪು ನಿಲುವನ್ನೇ ಬಯಸಿ ಮತ ಕೊಡುವುದು ಬೇರೆ; ಆ ತಪ್ಪನ್ನು ಒಪ್ಪದೆ, ಅದಕ್ಕಿಂತ ಗುರುತರವಾದ ಕಾರಣಕ್ಕಾಗಿ ಕೊಡುವುದು ಬೇರೆ. ಆ ಕಾರಣ ನಿಮ್ಮ ಜಾತಿಯೋ ಜೇಬೋ ಆಗಿದ್ದರೆ ಮಾತ್ರ ಮನಸ್ಸಾಕ್ಷಿಯ ಹೆಸರೆತ್ತಬೇಡಿ.

ಯಾರೂ ಸಲ್ಲದಿದ್ದರೆ 2013ರಿಂದ 'ನೋಟಾ' ಗುಂಡಿಯಿದೆ. ಅದಕ್ಕೂ ಮತಗಟ್ಟೆಗೆ ನಡೆಯಲೇಬೇಕು. ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವನೇ ಗೆಲ್ಲುತ್ತಾನೆ. ಇದನ್ನು ತಿಳಿದೇ ಒತ್ತಿರಿ.