ಲೆಕ್ಕ ಒಪ್ಪಿಸುವುದು ಯಾರಿಗೆ? ವಿಶ್ವವಿದ್ಯಾಲಯದ ವಾರ್ಷಿಕ ವರದಿಯ ಮೀಮಾಂಸೆ

ಒಂದು ಸೀಮೆಯ ಸರ್ಕಾರಿ ವಿಶ್ವವಿದ್ಯಾಲಯ ಒಂದು ವರ್ಷದಲ್ಲಿ ಏನು ಮಾಡಿತು ಎಂದು ಆ ಸೀಮೆಯ ಜನ ತಿಳಿಯುವ ಬಗೆ ಯಾವುದು? ಇದು ಇಲ್ಲಿನ ವಿಷಯ. ವಿಚಾರಕ್ಕೊಂದು ನೆಲೆ ಬೇಕಾದ್ದರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಣ್ಣಮುಂದೆ ಇಟ್ಟುಕೊಳ್ಳುತ್ತೇನೆ. 1949ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯಿಂದ ಹುಟ್ಟಿ, ಮುಂದಿನ ವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದ ಸಂಸ್ಥೆ ಇದು. ಅದರ ಕಲಬುರಗಿ ಕೇಂದ್ರ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು, ಬೆಳಗಾವಿ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು, ಈಚೆಗೆ ಹಾವೇರಿಯೂ ಬೇರೆಯಾಯಿತು. ಆದರೆ ಇಲ್ಲಿ ಹೇಳುವುದು ಧಾರವಾಡಕ್ಕೆ ಮಾತ್ರ ಸಲ್ಲುವುದಿಲ್ಲ. ಕೊಣಾಜೆ, ಶಂಕರಘಟ್ಟ, ತುಮಕೂರು, ದಾವಣಗೆರೆಗಳ ವಿಶ್ವವಿದ್ಯಾಲಯಗಳೆಲ್ಲವನ್ನೂ ಆಳುವುದು ಒಂದೇ ಕಾಯಿದೆ: ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000.

ಈ ಕಾಯಿದೆಯ ವ್ಯವಸ್ಥೆ ಹೀಗಿದೆ. ರಾಜ್ಯಪಾಲರು ಕುಲಾಧಿಪತಿಗಳು. ಕುಲಪತಿಗಳ ಆಯ್ಕೆಗೆ ಒಂದು ಶೋಧನಾ ಸಮಿತಿ ಕೂಡುತ್ತದೆ. ಕುಲಾಧಿಪತಿಗಳು, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ಕಡೆಯಿಂದ ಒಬ್ಬೊಬ್ಬರು ಅದರಲ್ಲಿರುತ್ತಾರೆ. ಸಮಿತಿ ಕೊಟ್ಟ ಹೆಸರುಗಳಲ್ಲಿ ಒಬ್ಬರನ್ನು ಸರ್ಕಾರದ ಸಹಮತಿ ಪಡೆದು ಕುಲಾಧಿಪತಿಗಳು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಕೆಳಗೆ ಇಬ್ಬರು ಕುಲಸಚಿವರು, ಒಬ್ಬರು ಆಡಳಿತಕ್ಕೆ, ಒಬ್ಬರು ಮೌಲ್ಯಮಾಪನಕ್ಕೆ. ಪಠ್ಯದ ವಿಚಾರ ವಿದ್ಯಾವಿಷಯಕ ಪರಿಷತ್ತಿನದು, ಉಳಿದೆಲ್ಲ ಬಹುಮಟ್ಟಿಗೆ ಸಿಂಡಿಕೇಟಿನದು. ವರ್ಷದ ವರದಿ ಸಿದ್ಧವಾಗುವುದೂ ಸಿಂಡಿಕೇಟಿನ ನಿರ್ದೇಶನದಲ್ಲಿಯೇ. ಅಲ್ಲಿಂದ ಅದು ಸರ್ಕಾರಕ್ಕೆ, ಸರ್ಕಾರದಿಂದ ವಿಧಾನಮಂಡಲಕ್ಕೆ ಹೋಗುತ್ತದೆ.

ಹಿಂದಿನ 1976ರ ಕಾಯಿದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು. 2000ದ ಕಾಯಿದೆ ಅದನ್ನು ಕೈಬಿಟ್ಟಿತು. ಇಡೀ ವಿಚಾರದ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ. ವಿಶ್ವವಿದ್ಯಾಲಯವನ್ನು ನಡೆಸುವ ಸಿಂಡಿಕೇಟಿಗೆ ಹೊರಗೆ ನಿಂತು, ಸೀಮೆಯ ಪರವಾಗಿ ಪ್ರಶ್ನೆ ಕೇಳುವ ಸ್ಥಾನ ಒಂದೂ ಉಳಿಯಲಿಲ್ಲ. ವರದಿ ಬರೆಯಿಸುವವರೂ ಅದನ್ನು ಒಪ್ಪುವವರೂ ಒಬ್ಬರೇ ಆದರು.

ಆಡಳಿತ ಹೇಗಿದೆ ಎಂಬ ಪ್ರಶ್ನೆಯನ್ನೂ ವರ್ಷದ ಸಾಧನೆ ಏನು ಎಂಬ ಪ್ರಶ್ನೆಯನ್ನೂ ಬೇರ್ಪಡಿಸಲಾಗದು ಎಂಬುದು ನನ್ನ ಪಕ್ಷ. ಕೇಳುವ ಹಕ್ಕುಳ್ಳವರು ಎದುರಿಗೆ ಕೂತಿದ್ದರೆ ವರದಿಯಲ್ಲಿ ಸಾಧನೆಯೂ ಕೊರತೆಯೂ ಕಾಣುತ್ತವೆ. ಕೂತಿಲ್ಲದಿದ್ದರೆ ಚಟುವಟಿಕೆ ಮಾತ್ರ ಕಾಣುತ್ತದೆ: ಎಷ್ಟು ವಿಚಾರಸಂಕಿರಣ, ಎಷ್ಟು ಒಡಂಬಡಿಕೆ, ಯಾವ ಕಟ್ಟಡಕ್ಕೆ ಶಂಕುಸ್ಥಾಪನೆ, ಘಟಿಕೋತ್ಸವದಲ್ಲಿ ಯಾರಿಗೆ ಎಷ್ಟು ಚಿನ್ನದ ಪದಕ. ಆದ್ದರಿಂದ ಪ್ರತಿ ವಿಶ್ವವಿದ್ಯಾಲಯವೂ ತನ್ನ ವಾರ್ಷಿಕ ವರದಿಯನ್ನು ತನ್ನ ವ್ಯಾಪ್ತಿಯ ಸಂಯೋಜಿತ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ಪದವೀಧರರ ಮುಂದೆ, ಬಹಿರಂಗ ಸಭೆಯಲ್ಲಿ, ಕನ್ನಡದಲ್ಲಿ ಓದಿ, ಪ್ರಶ್ನೆಗಳಿಗೆ ಉತ್ತರಿಸಬೇಕು. ಆ ವರದಿಯಲ್ಲಿ ಕೆಲವು ಸಂಗತಿಗಳು ಇರಲೇಬೇಕು: ಪ್ರತಿ ಸೆಮಿಸ್ಟರಿನ ಪರೀಕ್ಷೆ ಮುಗಿದ ದಿನ, ಫಲಿತಾಂಶ ಬಂದ ದಿನ, ಅಂಕಪಟ್ಟಿ ವಿದ್ಯಾರ್ಥಿಯ ಕೈಸೇರಿದ ದಿನ, ಮಂಜೂರಾದ ಬೋಧಕ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಅತಿಥಿ ಉಪನ್ಯಾಸಕರು ನಡೆಸಿದ ತರಗತಿಯ ಪಾಲು ಎಷ್ಟು, ಮರುಮೌಲ್ಯಮಾಪನದಲ್ಲಿ ಅಂಕ ಬದಲಾದ ಪತ್ರಿಕೆಗಳೆಷ್ಟು, ಸಂಯೋಜನೆಯ ಶುಲ್ಕ, ಪರೀಕ್ಷಾ ಶುಲ್ಕ ಎಂದು ಕಾಲೇಜುಗಳಿಂದ ಬಂದ ಹಣ ಎಷ್ಟು, ಅದರಲ್ಲಿ ಆ ಕಾಲೇಜುಗಳಿಗೆ ಯಾವ ರೂಪದಲ್ಲಿ ಎಷ್ಟು ಮರಳಿತು.

ಇನ್ನು ಪೂರ್ವಪಕ್ಷಗಳು.

ಮೊದಲನೆಯ ಆಕ್ಷೇಪ: ವರದಿ ವಿಧಾನಮಂಡಲಕ್ಕೆ ಹೋಗುತ್ತಲೇ ಇದೆ, ಜನರ ಪ್ರತಿನಿಧಿಗಳು ಅಲ್ಲಿದ್ದಾರೆ, ಇನ್ನೊಂದು ಸಭೆ ಏಕೆ? ಸದನದಲ್ಲಿ ಮಂಡನೆಯಾಗುವುದು ಒಂದು, ಚರ್ಚೆಯಾಗುವುದು ಇನ್ನೊಂದು. ಹತ್ತಾರು ವಿಶ್ವವಿದ್ಯಾಲಯಗಳು, ನಿಗಮಗಳು, ಮಂಡಳಿಗಳ ವರದಿಗಳು ಸದನದ ಮೇಜಿನ ಮೇಲೆ ಒಟ್ಟಿಗೆ ಬರುತ್ತವೆ. ಭಟ್ಕಳದ ಬಿ.ಕಾಂ. ವಿದ್ಯಾರ್ಥಿಯ ಅಂಕಪಟ್ಟಿ ಏಕೆ ತಡವಾಯಿತು ಎಂದು ಆ ರಾಶಿಯಲ್ಲಿ ಹುಡುಕಿ ಕೇಳಲು ಯಾವ ಶಾಸಕರಿಗೂ ಪುರಸೊತ್ತಿಲ್ಲ. ಅವರನ್ನು ದೂರುವುದೂ ನ್ಯಾಯವಲ್ಲ. ಲೆಕ್ಕಪರಿಶೋಧನೆ ಇದೆಯಲ್ಲ ಎಂದರೆ, ಪರಿಶೋಧಕರು ಕೇಳುವುದು ಖರ್ಚು ನಿಯಮದಂತೆ ಆಯಿತೇ ಎಂದು. ಖರ್ಚಾಗದೆ ಉಳಿದದ್ದರಿಂದ ಯಾರ ಓದು ಕೆಟ್ಟಿತು ಎಂಬುದು ಅವರ ಪ್ರಶ್ನೆಯಲ್ಲ.

ಎರಡನೆಯದು: ಮಾನ್ಯತೆಯ ದರ್ಜೆ ಕೊಡುವ ನ್ಯಾಕ್ ಇದೆ, ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ ಇದೆ, ಅಳೆಯುವವರು ಅಳೆಯುತ್ತಿದ್ದಾರೆ. 1994ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ನ್ಯಾಕ್‌ನಿಂದ ಒಳ್ಳೆಯದೇ ಆಗಿಲ್ಲ ಎಂದು ನಾನು ಹೇಳಲಾರೆ. ಕಾಗದಪತ್ರವನ್ನು ಅಚ್ಚುಕಟ್ಟಾಗಿ ಇಡುವ ಅಭ್ಯಾಸವನ್ನು ಎಷ್ಟೋ ವಿಭಾಗಗಳು ಅದರ ದೆಸೆಯಿಂದ ಕಲಿತವು. 2016ರಲ್ಲಿ ಮೊದಲ ಪಟ್ಟಿ ಹೊರಡಿಸಿದ ಎನ್‌ಐಆರ್‌ಎಫ್, 2024ರಲ್ಲಿ ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಈ ಅಳತೆ ಮುಖ್ಯವಾಗಿ ವಿಶ್ವವಿದ್ಯಾಲಯದ ಸ್ವಂತ ಆವರಣದ್ದು: ಅಲ್ಲಿನ ಸ್ನಾತಕೋತ್ತರ ವಿಭಾಗ, ಅಲ್ಲಿನ ಸಂಶೋಧನೆ, ಅಲ್ಲಿನ ಪ್ರಬಂಧಗಳು. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿ ಪಡೆಯುವ ಬಹುಪಾಲು ಮಕ್ಕಳು ಆವರಣವಿರುವ ಆ ಗುಡ್ಡವನ್ನೇ ಹತ್ತಿದವರಲ್ಲ. ಅವರು ಕಾರವಾರದಲ್ಲಿ, ಶಿರಸಿಯಲ್ಲಿ, ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಓದಿದವರು. ಶ್ರೇಯಾಂಕದಲ್ಲಿ ಅವರ ಎಣಿಕೆಯಿಲ್ಲ. ಹಾಗಿರುವಾಗ ಆವರಣದ ಶ್ರೇಯಾಂಕವನ್ನು ಇಡೀ ವಿಶ್ವವಿದ್ಯಾಲಯದ ವರ್ಷದ ಫಲ ಎಂದು ಹೇಗೆ ಹೇಳುವುದು? ಅಳೆಯುವವರ ಮೇಲಿನ ನಂಬಿಕೆಗೂ ಪೆಟ್ಟು ಬಿದ್ದಿದೆ. 2025ರ ಫೆಬ್ರವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಒಂದು ಪ್ರಕರಣದಿಂದ ಎಲ್ಲವನ್ನೂ ತಳ್ಳಿಹಾಕಬೇಕಿಲ್ಲ. ದೂರದಿಂದ ಬಂದು ಕೆಲವು ದಿನವಿದ್ದು ಹೋಗುವವರು ಅಲ್ಲೇ ಬದುಕುವವರ ಪ್ರಶ್ನೆಗೆ ಬದಲಿಯಾಗಲಾರರು, ಅಷ್ಟೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಸೆನೆಟ್ ಇದ್ದಾಗ ಆದದ್ದೇನು ಎಂದು ಹಿರಿಯ ಪ್ರಾಧ್ಯಾಪಕರು ಕೇಳುತ್ತಾರೆ. ಚುನಾವಣೆ, ಗುಂಪು, ಜಾತಿ, ಕೂಗಾಟ. ಅದನ್ನು ಬಿಟ್ಟ ಮೇಲೆ ತುಸು ನೆಮ್ಮದಿ ಸಿಕ್ಕಿತು. ಈಗ ಸಭೆಯ ಹೆಸರಿನಲ್ಲಿ ಅದೇ ರಾಜಕೀಯವನ್ನು ಮರಳಿ ಕರೆದರೆ ವಿಶ್ವವಿದ್ಯಾಲಯದ ಸ್ವಾಯತ್ತೆ ಏನಾಗಬೇಕು? ಈ ಮಾತಿನಲ್ಲಿ ಅನುಭವದ ನೋವಿದೆ, ಅದನ್ನು ಹಗುರಾಗಿ ಕಾಣಬಾರದು. ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು.

ಸೆನೆಟ್ ಹೋದದ್ದರಿಂದ ರಾಜಕೀಯ ಹೋಗಲಿಲ್ಲ, ತೆರೆದ ಸಭೆಯಿಂದ ಮುಚ್ಚಿದ ಕೋಣೆಗೆ ಸರಿಯಿತು. ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರಿದ್ದಾರೆ, ಕುಲಾಧಿಪತಿಗಳ ನಾಮನಿರ್ದೇಶಿತರಿದ್ದಾರೆ. ಸರ್ಕಾರ ಬದಲಾದಾಗ ಸದಸ್ಯರೂ ಬದಲಾಗುವುದು ನಮ್ಮಲ್ಲಿ ರೂಢಿಯೇ ಆಗಿದೆ. ಕುಲಪತಿ ನೇಮಕಕ್ಕೆ ರಾಜಭವನ ಮತ್ತು ವಿಧಾನಸೌಧ ಎರಡೂ ಒಪ್ಪಬೇಕು. ಎರಡರ ನಡುವೆ ಒಮ್ಮತ ಮೂಡದ ತಿಂಗಳುಗಳಲ್ಲಿ ಪ್ರಭಾರ ಕುಲಪತಿಯ ಆಡಳಿತ. 2024ರ ಡಿಸೆಂಬರಿನಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನು ಕುಲಾಧಿಪತಿ ಮಾಡುವ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿತು. ಹಗ್ಗಜಗ್ಗಾಟ ಎಲ್ಲಿ ನಡೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕುಲಾಧಿಪತಿ ಯಾರಾಗಬೇಕು ಎಂಬ ಈ ವಾದದಲ್ಲಿ ಎರಡು ಕಡೆಯವರೂ ಸೀಮೆಯ ಜನರ ಹೆಸರನ್ನು ಎತ್ತಿದ್ದು ನಾನು ಕೇಳಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯ. ತೀರ್ಮಾನಿಸುವ ಅಧಿಕಾರ ಬೇರೆ, ಕೇಳುವ ಅಧಿಕಾರ ಬೇರೆ. ಹಳೆಯ ಸೆನೆಟಿಗೆ ಎರಡೂ ಇದ್ದವು. ಅಲ್ಲಿಂದ ಸಿಂಡಿಕೇಟಿಗೆ ಸದಸ್ಯರೂ ಆಯ್ಕೆಯಾಗುತ್ತಿದ್ದರು, ಆದ್ದರಿಂದಲೇ ಅಲ್ಲಿ ಗುಂಪು ಕಟ್ಟುವುದು ಲಾಭದ ಕೆಲಸವಾಯಿತು. ನಾನು ಹೇಳುವ ಸಭೆ ಯಾರನ್ನೂ ಆರಿಸುವುದಿಲ್ಲ, ಯಾರನ್ನೂ ನೇಮಿಸುವುದಿಲ್ಲ, ಪಠ್ಯ ನಿಗದಿ ಮಾಡುವುದಿಲ್ಲ, ಟೆಂಡರು ಕರೆಯುವುದಿಲ್ಲ. ಪ್ರಶ್ನೆ ಕೇಳುತ್ತದೆ; ಉತ್ತರ ಮುಂದಿನ ವರ್ಷದ ವರದಿಯಲ್ಲಿ ಅಚ್ಚಾಗುತ್ತದೆ. ಹಂಚಿಕೊಳ್ಳಲು ಏನೂ ಇಲ್ಲದ ಕಡೆ ಗುಂಪು ಬಹಳ ದಿನ ನಿಲ್ಲುವುದಿಲ್ಲ. ಸ್ವಾಯತ್ತೆಯ ಮಾತಿಗೂ ಇಲ್ಲಿಯೇ ಉತ್ತರವಿದೆ. ತನ್ನ ಸೀಮೆಯ ಜನ ಬೆನ್ನಿಗಿರುವ ಸಂಸ್ಥೆ ಸರ್ಕಾರದ ಮುಂದೆ ಗಟ್ಟಿಯಾಗಿ ಮಾತಾಡಬಲ್ಲದು. ಬೆನ್ನಿಗೆ ಯಾರೂ ಇಲ್ಲದ ಕುಲಪತಿಯ ಸ್ವಾಯತ್ತೆ ಸಚಿವಾಲಯದ ಒಂದು ಪತ್ರಕ್ಕೆ ಮುಗಿಯುತ್ತದೆ.

ಇದಕ್ಕೆ ಹೊಂದಿಕೊಂಡ ನಾಲ್ಕನೆಯ ಆಕ್ಷೇಪವನ್ನು ಹೆಚ್ಚಾಗಿ ಕುಲಪತಿಗಳೇ ಎತ್ತುತ್ತಾರೆ. ಹುದ್ದೆ ತುಂಬಲು ಅನುಮತಿ ಕೊಡಬೇಕಾದದ್ದು ಆರ್ಥಿಕ ಇಲಾಖೆ, ಅನುದಾನ ಕೊಡಬೇಕಾದದ್ದು ಸರ್ಕಾರ, ನಿವೃತ್ತರ ಪಿಂಚಣಿಯ ಭಾರ ಹಳೆಯ ವಿಶ್ವವಿದ್ಯಾಲಯಗಳ ತಲೆಯ ಮೇಲೆ. ತಮ್ಮ ಕೈಯಲ್ಲಿ ಇಲ್ಲದ್ದಕ್ಕೆ ತಮ್ಮನ್ನು ಏಕೆ ಕೇಳಬೇಕು? ಅವರು ಹೇಳುವ ಕಷ್ಟವೆಲ್ಲ ನಿಜ. ಪದವಿ ಶಿಕ್ಷಣದ ಉದಾಹರಣೆಯನ್ನೇ ನೋಡಬಹುದು. 2021-22ರಲ್ಲಿ ದೇಶದಲ್ಲೇ ಮೊದಲಿಗೆ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ಅಳವಡಿಸಿತು. ಪ್ರವೇಶ, ಪರೀಕ್ಷೆ, ಫಲಿತಾಂಶವೆಲ್ಲ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದ ಮೂಲಕ ಎಂದಾಯಿತು. 2024ರ ಮೇ ತಿಂಗಳಲ್ಲಿ ಸರ್ಕಾರ ಆ ನೀತಿಯ ನಾಲ್ಕು ವರ್ಷದ ಪದವಿಯಿಂದ ಹಿಂದೆ ಸರಿದು ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ 2024-25ರಲ್ಲಿ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಮೇಲಿನವರಿಗೆ ಇನ್ನೊಂದು. ಎರಡು ಬಗೆಯ ಪ್ರಶ್ನೆಪತ್ರಿಕೆ, ಎರಡು ಬಗೆಯ ಮೌಲ್ಯಮಾಪನ, ಅದೇ ಸಿಬ್ಬಂದಿ. ಈ ಹೊರೆಯನ್ನು ಹೊರಿಸಿದವರು ಬೇರೆ, ವಿದ್ಯಾರ್ಥಿಯ ಬೈಗುಳ ಕೇಳಿದವರು ಮೌಲ್ಯಮಾಪನ ವಿಭಾಗದ ಗುಮಾಸ್ತರು.

ಆದರೆ ಈ ಸತ್ಯ ಆಕ್ಷೇಪಕ್ಕಿಂತ ಹೆಚ್ಚಾಗಿ ನನ್ನ ಪಕ್ಷಕ್ಕೇ ಬಲ ಕೊಡುತ್ತದೆ. ಹುದ್ದೆ ತುಂಬುವ ಪ್ರಸ್ತಾವ ಧಾರವಾಡದಿಂದ ಹೊರಟ ದಿನ ಇದು, ಇಲಾಖೆಯಲ್ಲಿ ಅದು ನಿಂತ ತಿಂಗಳುಗಳಿಷ್ಟು, ಮರಳಿ ಬಂದ ಉತ್ತರ ಇದು ಎಂದು ವರದಿಯಲ್ಲಿ ಬರೆಯಲಿ. ತಪ್ಪು ಎಲ್ಲಿಯದೆಂದು ಸಭೆಯಲ್ಲಿ ನೆರೆದವರಿಗೆ ತಿಳಿಯುತ್ತದೆ. ಅವರಲ್ಲಿ ಮತದಾರರಿದ್ದಾರೆ, ಪಾಲಕರಿದ್ದಾರೆ, ಪತ್ರಕರ್ತರಿದ್ದಾರೆ. ಇಂದು ವರದಿ ಮೌನವಾಗಿರುವುದರಿಂದ ಇಲಾಖೆಯ ಲೋಪವನ್ನೂ ಕುಲಪತಿಯೇ ಹೊರುತ್ತಿದ್ದಾರೆ.

ಒಳ್ಳೆಯ ಕುಲಪತಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರೂ ಇದ್ದಾರೆ. ಅವರು ಧಾರವಾಡದಲ್ಲಿ ಡಿ.ಸಿ. ಪಾವಟೆಯವರನ್ನು ನೆನೆಯುತ್ತಾರೆ, ಮೈಸೂರಿನಲ್ಲಿ ಕುವೆಂಪು ಅವರನ್ನು ನೆನೆಯುತ್ತಾರೆ. ನೆನೆಯಬೇಕಾದವರೇ. ಮಾನಸಗಂಗೋತ್ರಿ ಕುವೆಂಪು ಅವರ ಕನಸು. ಧಾರವಾಡದ ಆವರಣ ಇಂದಿನ ರೂಪಕ್ಕೆ ಬಂದದ್ದು ಪಾವಟೆಯವರ ಕಾಲದಲ್ಲಿ. ಆದರೆ ಪಾವಟೆಯವರು 1954ರಿಂದ 1967ರವರೆಗೆ, ಹದಿಮೂರು ವರ್ಷ ಆ ಸ್ಥಾನದಲ್ಲಿದ್ದರು. ನೆಟ್ಟ ಮರ ನೆರಳು ಕೊಡುವುದನ್ನು ನೋಡುವಷ್ಟು ಕಾಲ ಅದು. ಇಂದಿನ ನಾಲ್ಕು ವರ್ಷದಲ್ಲಿ ಮೊದಲ ವರ್ಷ ಕಡತ ತಿಳಿಯುವುದಕ್ಕೆ, ಕೊನೆಯ ವರ್ಷ ಉತ್ತರಾಧಿಕಾರಿಯ ಮಾತಿಗೆ ಹೋಗುತ್ತದೆ. ವ್ಯಕ್ತಿ ಬಂದುಹೋಗುವ ಕಾಲದಲ್ಲಿ ಕೆಲಸದ ಎಳೆಯನ್ನು ಹಿಡಿದುಕೊಳ್ಳಬಲ್ಲದ್ದು ವರ್ಷದಿಂದ ವರ್ಷಕ್ಕೆ ಕೇಳುವ ಸಭೆ.

ಹೊಸ ವಿಶ್ವವಿದ್ಯಾಲಯಗಳ ಮಾತು ಇಲ್ಲಿ ಬರಲೇಬೇಕು. ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಬಹುಪಾಲು ಇದ್ದ ಸ್ನಾತಕೋತ್ತರ ಕೇಂದ್ರಗಳ ಮೇಲೆ ಹೊಸ ಫಲಕ ಏರಿಸಿ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಬೀದರ್ ಒಂದನ್ನು ಬಿಟ್ಟು ಉಳಿದವನ್ನೂ ಜೊತೆಗೆ ಇನ್ನೆರಡು ಮೂರನ್ನೂ ಮುಚ್ಚುವ ಶಿಫಾರಸಿಗೆ ಬಂತು. ತೆರೆದದ್ದು ತಪ್ಪೋ ಮುಚ್ಚುವುದು ತಪ್ಪೋ ಎಂದು ಎಲ್ಲರೂ ವಾದಿಸಿದರು. ನನಗೆ ಕಳವಳವಾದದ್ದು ಬೇರೆ ಕಾರಣಕ್ಕೆ. ತೆರೆಯುವಾಗ ತಾಯಿ ವಿಶ್ವವಿದ್ಯಾಲಯದ ಆದಾಯ ಎಷ್ಟು ಕುಗ್ಗುತ್ತದೆ, ಹೊಸದಕ್ಕೆ ಎಷ್ಟು ಹುದ್ದೆ ಬೇಕು ಎಂಬ ಲೆಕ್ಕವನ್ನು ಹಾವೇರಿಯವರ ಮುಂದೆ ಯಾರೂ ಇಡಲಿಲ್ಲ. ಮುಚ್ಚುವ ಮಾತು ಬಂದಾಗಲೂ ತೆರೆದ ಮೇಲಿನ ಎರಡು ವರ್ಷದಲ್ಲಿ ಅಲ್ಲಿನ ಹೆಣ್ಣುಮಕ್ಕಳು ಎಷ್ಟು ಮಂದಿ ಮನೆಯ ಹತ್ತಿರವೇ ಎಂ.ಎ. ಸೇರಿದರು ಎಂದು ಯಾರೂ ಓದಿ ಹೇಳಲಿಲ್ಲ. ಸೀಮೆಯ ಸಂಸ್ಥೆಯೊಂದರ ಹುಟ್ಟೂ ಸಾವೂ ಸೀಮೆಯವರ ಕಿವಿಗೆ ಬಿದ್ದದ್ದು ಪತ್ರಿಕೆಯ ಸುದ್ದಿಯಾಗಿ.

ಕೊನೆಯ ಆಕ್ಷೇಪ ವ್ಯವಹಾರದ್ದು: ಇದಕ್ಕೆ ಕಾಯಿದೆಯ ತಿದ್ದುಪಡಿ ಬೇಕಲ್ಲವೇ, ಅದು ಆಗುವುದು ಯಾವಾಗ? ಸಭೆಗೆ ಶಾಸನದ ಬಲ ಬರಬೇಕಾದರೆ ತಿದ್ದುಪಡಿ ಬೇಕು, ಬರುವುದೇ ಒಳ್ಳೆಯದು. ಆದರೆ ಆರಂಭಕ್ಕೆ ಅದನ್ನು ಕಾಯಬೇಕಿಲ್ಲ. ವರದಿ ಸಿದ್ಧಪಡಿಸುವುದು ಸಿಂಡಿಕೇಟಿನ ನಿರ್ದೇಶನದಲ್ಲಿ ಎಂದು ಕಾಯಿದೆಯೇ ಹೇಳುವುದರಿಂದ, ಅದರಲ್ಲಿ ಏನಿರಬೇಕು, ಎಲ್ಲಿ ಓದಬೇಕು ಎಂದು ಸಿಂಡಿಕೇಟ್ ಒಂದು ಠರಾವಿನಿಂದ ಗೊತ್ತುಮಾಡಬಹುದು. ಬಹಿರಂಗವಾಗಿ ಓದಬಾರದು ಎಂದು ಎಲ್ಲಿಯೂ ನಿಷೇಧವಿಲ್ಲ. ಘಟಿಕೋತ್ಸವಕ್ಕೆ ಮೊದಲಿನ ವಾರ ಇದಕ್ಕೆ ತಕ್ಕ ಕಾಲ. ಅದಕ್ಕೆ ಒಂದು ತಿಂಗಳು ಮುಂಚೆ ವರದಿಯ ಕನ್ನಡ ಪ್ರತಿ ಪ್ರತಿಯೊಂದು ಸಂಯೋಜಿತ ಕಾಲೇಜಿನ ಗ್ರಂಥಾಲಯಕ್ಕೆ ತಲುಪಬೇಕು. ಸಭೆ ಪ್ರತಿ ವರ್ಷವೂ ಧಾರವಾಡದಲ್ಲೇ ಆಗಬಾರದು. ಒಂದು ವರ್ಷ ಗದಗಿನಲ್ಲಿ, ಒಂದು ವರ್ಷ ಕಾರವಾರದಲ್ಲಿ ಆಗಲಿ. ಪ್ರಯಾಣದ ಖರ್ಚು ಕುಲಪತಿಯ ಕಚೇರಿಯದಾಗಲಿ, ವಿದ್ಯಾರ್ಥಿಯದಾಗುವುದು ಬೇಡ.